ನಲವತ್ತರ ನಂತರ ಕುಂಚ: ಮದರಾಸಿನ ಕಲಾಶಾಲೆ ಕಲಿಸುವ ಪಾಠ

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಎಂಬ ಗಾದೆ ಮಕ್ಕಳ ಶಿಸ್ತಿನ ಸಂದರ್ಭದಲ್ಲಿ ಹುಟ್ಟಿದ್ದಿರಬೇಕು. ಆದರೆ ವಯಸ್ಕರು ತಮ್ಮ ಹಳೆಯ ಆಸೆಗಳನ್ನು ಅದುಮಿಡುವುದಕ್ಕೇ ಅದನ್ನು ಹೆಚ್ಚಾಗಿ ಬಳಸುತ್ತಾರೆ. ಹೊಟ್ಟೆಪಾಡಿಗಾಗಿ ಮದರಾಸು ಸೇರಿದ ಕನ್ನಡ ಕುಟುಂಬಗಳಲ್ಲಿ ಇಂತಹ ಆಸೆಗಳಿಗೆ ಕೊರತೆಯಿಲ್ಲ. ಶಾಲೆಯಲ್ಲಿದ್ದಾಗ ಕ್ಯಾಲೆಂಡರಿನ ದೇವರ ಚಿತ್ರಗಳನ್ನು ನೋಡಿ ಬರೆಯುತ್ತಿದ್ದ ಹುಡುಗ ಇಂದು ಬ್ಯಾಂಕಿನಲ್ಲಿ ಲೆಕ್ಕ ನೋಡುತ್ತಾನೆ. ಹಬ್ಬದ ದಿನ ಅಂಗಳ ತುಂಬ ರಂಗವಲ್ಲಿ ಹಾಕುತ್ತಿದ್ದ ಹುಡುಗಿ ಇಂದು ಮೊಮ್ಮಕ್ಕಳ ಶಾಲೆಯ ಚೀಲ ಹೊರುತ್ತಾಳೆ. ಇವರಲ್ಲಿ ಕೆಲವರು ಹೇಗೋ ಧೈರ್ಯ ಮಾಡಿ ಭಾನುವಾರದ ಚಿತ್ರಕಲಾ ತರಗತಿಗೋ ಗ್ರಾಫಿಕ್ ವಿನ್ಯಾಸದ ತರಗತಿಗೋ ಸೇರುವುದುಂಟು. ಅವರ ಅನುಭವವೇನು, ಅವರಿಗೆ ಎದುರಾಗುವ ತೊಡಕು ಯಾವುದು, ಅದರಿಂದ ಅವರಿಗೂ ಸಮಾಜಕ್ಕೂ ಆಗುವ ಲಾಭವೇನು ಎಂಬುದು ವಿಚಾರಯೋಗ್ಯವಾದ ವಿಷಯ.

ವೈದ್ಯನು ಕಟ್ಟಿದ ಕಲಾಶಾಲೆ

ಮದರಾಸಿಗೂ ಕಲಾಶಿಕ್ಷಣಕ್ಕೂ ಇರುವ ನಂಟು ಬಹಳ ಹಳೆಯದು. ಇಲ್ಲಿಯ ಕಲಾಶಾಲೆಯನ್ನು 1850ರಲ್ಲಿ ಆರಂಭಿಸಿದ ಅಲೆಕ್ಸಾಂಡರ್ ಹಂಟರ್ ವೃತ್ತಿಯಿಂದ ಶಸ್ತ್ರವೈದ್ಯ. ಅವನು ಖಾಸಗಿಯಾಗಿ ತೊಡಗಿದ ಈ ಕಾರ್ಯವನ್ನು ಕೆಲವೇ ವರ್ಷಗಳಲ್ಲಿ ಸರಕಾರ ವಹಿಸಿಕೊಂಡಿತು. 1929ರಲ್ಲಿ ದೇವಿಪ್ರಸಾದ ರಾಯ್ ಚೌಧುರಿ ಅದರ ಮೊದಲ ಭಾರತೀಯ ಮುಖ್ಯಸ್ಥರಾದರು. ಪೂನಮಲ್ಲಿ ಹೈರೋಡಿನ ಕೆಂಪು ಕಟ್ಟಡಗಳ ಆ ಸಂಸ್ಥೆಯೇ ಇಂದಿನ ಸರಕಾರಿ ಲಲಿತಕಲಾ ಕಾಲೇಜು. ಚಿತ್ರ, ಶಿಲ್ಪಗಳ ಜೊತೆಗೆ ದೃಶ್ಯಸಂವಹನ ವಿನ್ಯಾಸವೂ ಅಲ್ಲಿ ಪಾಠದ ವಿಷಯವಾಗಿದೆ.

ಈ ಶಾಲೆಯ ಅತ್ಯಂತ ಹೆಸರಾಂತ ವಿದ್ಯಾರ್ಥಿಗಳಲ್ಲಿ ಒಬ್ಬರಾದ ಕೆ. ಸಿ. ಎಸ್. ಪಣಿಕ್ಕರ್ ಅಲ್ಲಿಗೆ ಎಳೆಯ ಹುಡುಗನಾಗಿ ಬಂದವರಲ್ಲ. 1911ರಲ್ಲಿ ಕೊಯಮತ್ತೂರಿನಲ್ಲಿ ಹುಟ್ಟಿದ ಅವರು ತಂದೆಯ ಮರಣಾನಂತರ ಕಾಲೇಜು ಬಿಟ್ಟು, ಸಂಸಾರದ ಹೊಣೆ ಹೊತ್ತು, ತಂತಿ ಇಲಾಖೆಯಲ್ಲಿ ನೌಕರಿ ಮಾಡಿದರು. ಅದನ್ನು ತೊರೆದು ಕಲಾಶಾಲೆಗೆ ಸೇರಿದ್ದು 1936ರಲ್ಲಿ, ತಮ್ಮ 25ನೆಯ ವಯಸ್ಸಿನಲ್ಲಿ. 1957ರಲ್ಲಿ ಅದೇ ಶಾಲೆಯ ಪ್ರಾಂಶುಪಾಲರಾದರು. 1966ರಲ್ಲಿ ಅವರ ನೇತೃತ್ವದಲ್ಲಿ ಇಂಜಂಬಾಕ್ಕಂ ಬಳಿ ಚೋಳಮಂಡಲ ಕಲಾವಿದರ ಗ್ರಾಮ ತಲೆಯೆತ್ತಿತು. ಅಲ್ಲಿಯ ಕಲಾವಿದರು ಬಾಟಿಕ್ ಮುಂತಾದ ಕರಕುಶಲ ವಸ್ತುಗಳನ್ನು ಮಾಡಿ ಮಾರಿ ತಮ್ಮ ಬದುಕನ್ನೂ ಕಲೆಯನ್ನೂ ಉಳಿಸಿಕೊಂಡರು.

ಆ ಗ್ರಾಮದ ಸ್ಥಾಪಕ ಸದಸ್ಯರಲ್ಲಿ ಮೈಸೂರಿನ ಎಸ್. ಜಿ. ವಾಸುದೇವ್ ಒಬ್ಬರು. 1960ರ ದಶಕದಲ್ಲಿ ಮದರಾಸಿಗೆ ಕಲೆ ಕಲಿಯಲು ಬಂದ ಅವರು 1970ರ ‘ಸಂಸ್ಕಾರ’ ಚಲನಚಿತ್ರದ ಕಲಾನಿರ್ದೇಶಕರೂ ಆದರು. ‘ಚಂದಮಾಮ’ದ ಆರಂಭದ ವರ್ಷಗಳ ಮುಖಚಿತ್ರಗಳಿಂದ ಮನೆಮಾತಾದ ಎಂ. ಟಿ. ವಿ. ಆಚಾರ್ಯರೂ ಕನ್ನಡಿಗರೇ. ಮದರಾಸನ್ನು ಬಿಟ್ಟ ಮೇಲೆ ಅವರು ಬೆಂಗಳೂರಿನಲ್ಲಿ ಆಚಾರ್ಯ ಚಿತ್ರಕಲಾ ಭವನವನ್ನು ಸ್ಥಾಪಿಸಿ ಅಂಚೆಯ ಮೂಲಕ ಚಿತ್ರಕಲೆಯನ್ನು ಕಲಿಸಿದರು. ಉದ್ಯೋಗ ಬಿಡಲಾಗದವನಿಗೂ ಊರು ಬಿಡಲಾಗದವನಿಗೂ ಕಲಾಶಾಲೆಯ ಬಾಗಿಲು ಮನೆಯಲ್ಲಿಯೇ ತೆರೆಯುವಂತಾಯಿತು.

ಇನ್ನೂ ತಡವಾಗಿ ಕುಂಚ ಹಿಡಿದವರ ನಿದರ್ಶನವೂ ಉಂಟು. ದೊಡ್ಡಬಳ್ಳಾಪುರದ ಕಡೆಯ ರುಮಾಲೆ ಚನ್ನಬಸವಯ್ಯನವರು ತಾರುಣ್ಯದಲ್ಲಿ ಚಿತ್ರಕಲೆ ಕಲಿತರೂ ಸ್ವಾತಂತ್ರ್ಯ ಹೋರಾಟ, ರಾಜಕಾರಣ, ‘ತಾಯಿನಾಡು’ ಪತ್ರಿಕೆಯ ಸಂಪಾದಕತ್ವಗಳಲ್ಲಿ ದಶಕಗಳನ್ನು ಕಳೆದರು. 1960ರ ದಶಕದ ಆರಂಭದಲ್ಲಿ, ಐವತ್ತು ದಾಟಿದ ಮೇಲೆ, ಅವರು ಮತ್ತೆ ಕುಂಚ ಹಿಡಿದರು. ಬೆಂಗಳೂರಿನ ಹೂಮರಗಳ ಅವರ ಉಜ್ಜ್ವಲ ಚಿತ್ರಗಳು ಮೂಡಿದ್ದು ಆ ಬಳಿಕವೇ. ರವೀಂದ್ರನಾಥ ಠಾಕೂರರಂತೂ ಅರವತ್ತರ ಆಸುಪಾಸಿನಲ್ಲಿ ಚಿತ್ರರಚನೆಗೆ ಮನಸ್ಸು ಕೊಟ್ಟು, 1930ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನ ನಡೆಸಿದರು.

ತೊಡಕು ಕೈಯಲ್ಲಿಲ್ಲ

ಇಂತಹ ಮಹನೀಯರ ಮಾತು ಬೇರೆ, ಸಾಮಾನ್ಯನ ಪಾಡೇನು ಎಂದು ಕೇಳಬಹುದು. ಸಾಮಾನ್ಯ ವಯಸ್ಕ ವಿದ್ಯಾರ್ಥಿ ತರಗತಿಗೆ ಬರುವಾಗ “ನನ್ನ ಕೈ ಕೂರುವುದಿಲ್ಲ” ಎಂಬ ಭಯವನ್ನು ಹೊತ್ತು ಬರುತ್ತಾನೆ. ತನ್ನ ಹೆಸರನ್ನು ಅಂದವಾಗಿ ಸಹಿ ಮಾಡಬಲ್ಲ ಕೈಗೆ ಗೆರೆ ಎಳೆಯುವ ಶಕ್ತಿ ಇದ್ದೇ ಇರುತ್ತದೆ. ನಿಜವಾದ ತೊಡಕು ಇರುವುದು ಕಣ್ಣಿನಲ್ಲಿ, ಇನ್ನೂ ಸರಿಯಾಗಿ ಹೇಳುವುದಾದರೆ ಕಣ್ಣಿನ ಹಿಂದೆ ಕುಳಿತಿರುವ ತಿಳಿವಳಿಕೆಯಲ್ಲಿ.

ಮೇಜಿನ ಮೇಲೆ ಒಂದು ಹಿತ್ತಾಳೆಯ ಚೊಂಬನ್ನು ಇಟ್ಟು ಬರೆಯಹೇಳಿದರೆ ಇದು ಸ್ಪಷ್ಟವಾಗುತ್ತದೆ. ಚೊಂಬಿನ ಬಾಯಿ ದುಂಡಗಿದೆಯೆಂದು ತಿಳಿದವನು ಅದನ್ನು ಪೂರ್ಣವೃತ್ತವಾಗಿ ಬರೆಯುತ್ತಾನೆ. ತಳ ಮೇಜಿನ ಮೇಲೆ ಸಮವಾಗಿ ಕೂತಿದೆಯೆಂದು ತಿಳಿದವನು ಅಲ್ಲಿ ನೇರ ಗೆರೆ ಹಾಕುತ್ತಾನೆ. ಎರಡೂ ತಪ್ಪು, ಎರಡೂ ತಿಳಿವಳಿಕೆಯಿಂದಲೇ ಬಂದ ತಪ್ಪು. ಕಣ್ಣಿಗೆ ಕಾಣುವುದು ಅಂಡಾಕಾರದ ಬಾಯಿ. ತಳದ್ದೂ ಬಾಗಿದ ಗೆರೆಯೇ. ಕಣ್ಣಿನ ಮಟ್ಟದಿಂದ ಕೆಳಗೆ ಹೋದಷ್ಟೂ ಆ ಬಾಗು ಹೆಚ್ಚುತ್ತದೆ. ಮುಖ ಬರೆಯುವಾಗಲೂ ಹೀಗೆಯೇ. ಕಣ್ಣುಗಳು ತಲೆಯ ಎತ್ತರದ ಸುಮಾರು ನಡುವೆ ಇರುತ್ತವೆ. ಆದರೆ ಹಣೆಗಿಂತ ಕಣ್ಣು, ಮೂಗು, ಬಾಯಿಗಳೇ ಮುಖ್ಯವೆಂದು ಭಾವಿಸಿದ ಹೊಸಬ ಅವುಗಳನ್ನು ಬಹಳ ಮೇಲಕ್ಕೆ ತಳ್ಳಿಬಿಡುತ್ತಾನೆ.

ಆದುದರಿಂದ ಶಿಕ್ಷಕನು ಮೊದಲು ಕಲಿಸುವುದು ಮರೆಯುವ ವಿದ್ಯೆಯನ್ನು. ಒಂದು ಕಣ್ಣು ಮುಚ್ಚಿ, ಕೈಯನ್ನು ಪೂರ್ತಿ ಚಾಚಿ, ಸೀಸದಕಡ್ಡಿಯಿಂದ ಅಗಲವನ್ನೂ ಎತ್ತರವನ್ನೂ ಅಳೆಯಬೇಕು. ಗಾರೆ ಕೆಲಸದವನ ತೂಗುಗುಂಡಿನಂತೆ ಒಂದು ನೇರ ಗೆರೆಯನ್ನು ಕಲ್ಪಿಸಿಕೊಂಡು ಯಾವುದು ಯಾವುದರ ಕೆಳಗೆ ಬರುತ್ತದೆಂದು ನೋಡಬೇಕು. ಹೂಜಿಯ ಹಿಡಿಯನ್ನು ಬರೆಯುವ ಬದಲು ಹಿಡಿಯೊಳಗಿನ ಖಾಲಿ ಜಾಗವನ್ನು ಬರೆಯಬೇಕು. ಆ ಖಾಲಿಗೆ ಹೆಸರಿಲ್ಲವಾದ್ದರಿಂದ ತಿಳಿವಳಿಕೆ ಅಡ್ಡ ಬರುವುದಿಲ್ಲ, ಕಣ್ಣು ಕಂಡದ್ದೇ ಕಾಗದಕ್ಕೆ ಇಳಿಯುತ್ತದೆ.

ಎರಡನೆಯ ತೊಡಕು ಸಂಕೋಚ. ತರಗತಿಯಲ್ಲಿ ಪಕ್ಕದಲ್ಲಿ ಕೂತವರು ಮಗನ ವಯಸ್ಸಿನವರು. ಪಾಠ ತಮಿಳಿನಲ್ಲಿ ನಡೆಯುತ್ತದೆ. ಕೊನೆಯಲ್ಲಿ ಎಲ್ಲರ ಹಾಳೆಗಳನ್ನೂ ಗೋಡೆಗೆ ಅಂಟಿಸಿ ಗುಣದೋಷ ಹೇಳುವಾಗ, ಕಚೇರಿಯಲ್ಲಿ ಇಪ್ಪತ್ತು ವರ್ಷ ಇತರರ ತಪ್ಪು ತಿದ್ದಿದವನ ಹಾಳೆಯೇ ಎಲ್ಲಕ್ಕಿಂತ ಸೊಟ್ಟಗೆ ಕಾಣುತ್ತದೆ. ತರಗತಿ ಬಿಡುವ ಹಲವರು ಬಿಡುವುದು ಈ ಘಟ್ಟದಲ್ಲಿಯೇ. ಕಣ್ಣು ಕೈಗಿಂತ ಬೇಗ ಪಳಗುವುದರಿಂದ ತನ್ನ ದೋಷ ತನಗೇ ಎದ್ದು ಕಾಣುತ್ತದೆ. ನಿಜವಾಗಿ ಮುಂದೆ ಹೋಗುತ್ತಿರುವವನಿಗೆ ತಾನು ಹಿಂದೆ ಬಿದ್ದಂತೆ ತೋರುತ್ತದೆ. ಈ ಮರ್ಮವನ್ನು ಅರಿತವನು ನಿಲ್ಲುತ್ತಾನೆ. ಅವನ ಪಾಲಿಗೆ ತಾಳ್ಮೆಯೂ ಕ್ರಮಬದ್ಧತೆಯೂ “ಏಕೆ?” ಎಂದು ಕೇಳುವ ಅಭ್ಯಾಸವೂ ಇರುತ್ತವೆ, ಇವು ಎಳೆಯರಿಗೆ ಸುಲಭವಾಗಿ ದೊರೆಯುವ ಗುಣಗಳಲ್ಲ. ಭಾನುವಾರವೆಲ್ಲ ಕೂತು ಬರೆಯುವುದಕ್ಕಿಂತ ದಿನಕ್ಕೆ ಅರ್ಧ ಗಂಟೆ ಬರೆಯುವುದು ಮೇಲೆಂಬುದನ್ನೂ ಅವನು ಬೇಗ ಕಂಡುಕೊಳ್ಳುತ್ತಾನೆ.

ಅಕ್ಷರವೂ ಚಿತ್ರವೇ

ಚಿತ್ರಕಲೆ ನೋಡುವುದನ್ನು ಕಲಿಸಿದರೆ, ಗ್ರಾಫಿಕ್ ವಿನ್ಯಾಸ ಬಿಡುವುದನ್ನು ಕಲಿಸುತ್ತದೆ. ಯಾವುದೇ ಸಂಘದ ಆಹ್ವಾನಪತ್ರಿಕೆಯನ್ನು ನೋಡಿದರೆ ಸಾಕು: ಮೇಲೆ ಗಣಪತಿ, ಎಡಬಲಕ್ಕೆ ದೀಪಸ್ತಂಭ, ಸುತ್ತ ಬಳ್ಳಿಯ ಅಂಚು, ನಾಲ್ಕು ಬಣ್ಣ, ಸಮಸ್ತ ಪದಾಧಿಕಾರಿಗಳ ಹೆಸರು. ಕಾರ್ಯಕ್ರಮ ಎಂದು, ಎಲ್ಲಿ ಎಂಬುದು ಮಾತ್ರ ಕೆಳಗಿನ ಮೂಲೆಯಲ್ಲಿ ಸಣ್ಣಕ್ಷರಗಳಲ್ಲಿ ಅವಿತಿರುತ್ತದೆ. “ಇದನ್ನು ಓದುವವರು ಯಾರು? ಎಷ್ಟು ದೂರದಿಂದ ಓದುತ್ತಾರೆ? ಮೊದಲು ಅವರಿಗೆ ಏನು ತಿಳಿಯಬೇಕು?” ಇವೇ ವಿನ್ಯಾಸದ ಶಿಕ್ಷಕ ಕೇಳುವ ಪ್ರಶ್ನೆಗಳು. ಉತ್ತರಕ್ಕೆ ಬೇಡವಾದದ್ದನ್ನೆಲ್ಲ ತೆಗೆದಾಗ ಪುಟದಲ್ಲಿ ಬಿಳಿ ಜಾಗ ಉಳಿಯುತ್ತದೆ. ಅದು ದಂಡವಾದ ಕಾಗದವಲ್ಲ; ಕಣ್ಣಿಗೆ ಉಸಿರಾಡುವ ಸ್ಥಳ.

ಕನ್ನಡಿಗ ವಿದ್ಯಾರ್ಥಿಗೆ ಇಲ್ಲಿ ಇನ್ನೊಂದು ವಿಶೇಷ ಅನುಭವ ಕಾದಿರುತ್ತದೆ. ಹುಟ್ಟಿದಾಗಿನಿಂದ ಓದಿದ ತನ್ನ ಲಿಪಿಯನ್ನು ಅವನು ಮೊದಲ ಬಾರಿಗೆ ಆಕಾರವೆಂದು ನೋಡುತ್ತಾನೆ. ತಮಿಳು ಲಿಪಿಯಲ್ಲಿ ಒತ್ತಕ್ಷರಗಳಿಲ್ಲ. ವ್ಯಂಜನದ ಮೇಲೆ ಒಂದು ಚುಕ್ಕೆ ಇಟ್ಟರೆ ಕೆಲಸ ಮುಗಿಯುತ್ತದೆ. ಕನ್ನಡದಲ್ಲಿ ತಲೆಕಟ್ಟು, ಗುಡಿಸು, ಏತ್ವಗಳು ಮೇಲಕ್ಕೂ ಒತ್ತಕ್ಷರಗಳು ಕೆಳಕ್ಕೂ ಚಾಚುತ್ತವೆ. “ರಾಷ್ಟ್ರ” ಎಂಬ ಒಂದು ಪದದಲ್ಲಿಯೇ ಎರಡು ಒತ್ತುಗಳು. ತಮಿಳು, ಇಂಗ್ಲಿಷುಗಳ ಅಳತೆಯಲ್ಲಿ ಸಾಲುಗಳನ್ನು ಹತ್ತಿರ ಹತ್ತಿರ ಕೂರಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಅಕ್ಷರ ತೀರ ಸಣ್ಣದಾದರೆ ಧಕಾರದ ಹೊಟ್ಟೆಸೀಳು ಮಸಿಯಲ್ಲಿ ಮುಚ್ಚಿಹೋಗಿ ಧನ ದನವಾಗುತ್ತದೆ! ಗಣಕಯಂತ್ರದಲ್ಲಿಯೂ ಭಾರತೀಯ ಲಿಪಿಗೆ ತಕ್ಕ ಜೋಡಣೆಯನ್ನು ಆಯ್ದುಕೊಳ್ಳದಿದ್ದರೆ ಒತ್ತುಗಳು ಬಿಡಿಬಿಡಿಯಾಗಿ ಚೆಲ್ಲಾಡುತ್ತವೆ. ಕನ್ನಡ ಬಾರದ ಮುದ್ರಕನಿಗೆ ಅದು ತಪ್ಪೆಂದು ತಿಳಿಯುವ ಬಗೆಯೇ ಇಲ್ಲ.

ಲಿಪಿಯನ್ನು ಆಕಾರವಾಗಿ ನೋಡುವುದು ಮದರಾಸಿನ ಕಲೆಗೆ ಹೊಸತೇನಲ್ಲ. ಪಣಿಕ್ಕರರು 1963ರಲ್ಲಿ, ಐವತ್ತು ದಾಟಿದ ಬಳಿಕ ತೊಡಗಿದ ‘ಪದಗಳು ಮತ್ತು ಸಂಕೇತಗಳು’ ಎಂಬ ಚಿತ್ರಮಾಲೆಯಲ್ಲಿ ಲಿಪಿಯಂತಹ ಗುರುತುಗಳೂ ಜಾತಕದ ಕುಂಡಲಿಗಳಂತಹ ಚೌಕಗಳೂ ಚಿತ್ರದ ಜೀವವಾದವು. ಹೊರನಾಡ ಕನ್ನಡಿಗರಿಗಂತೂ ಇದು ಕೇವಲ ಸೌಂದರ್ಯದ ಪ್ರಶ್ನೆಯಲ್ಲ. ಇಲ್ಲಿ ಬೆಳೆದ ಎಷ್ಟೋ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಆದರೆ ಓದಲಾರರು. ಅವರ ಕಣ್ಣಿಗೆ ಕನ್ನಡದ ಅಕ್ಷರ ಬೀಳುವುದು ಸಂಘದ ಫಲಕದಲ್ಲಿ, ಆಹ್ವಾನಪತ್ರಿಕೆಯಲ್ಲಿ, ಇಂತಹ ಸ್ಮರಣಸಂಚಿಕೆಯಲ್ಲಿ ಮಾತ್ರ. ಅಲ್ಲಿಯೂ ಅದು ಮುರಿದು ಸೊರಗಿ ಕಂಡರೆ ಆ ಮಕ್ಕಳಿಗೆ ಅದರ ಮೇಲೆ ಪ್ರೀತಿ ಹುಟ್ಟುವುದೆಂತು? ಅಕ್ಷರವಿನ್ಯಾಸ ಕಲಿತ ಒಬ್ಬ ಅಜ್ಜ ಅಥವಾ ಅತ್ತೆ ಮಾಡಬಹುದಾದ ಸೇವೆಯನ್ನು ಹಣ ಕೊಟ್ಟರೂ ಹೊರಗಿನವರಿಂದ ಪಡೆಯುವುದು ಕಷ್ಟ.

ದೇಹದ ಕಡೆಗೂ ಲಕ್ಷ್ಯವಿರಲಿ

ನಲವತ್ತರ ನಂತರ ಕಲಿಯುವವರು ದೇಹದ ಮಾತನ್ನೂ ಕೇಳಬೇಕು. ಈ ವಯಸ್ಸಿನಲ್ಲಿ ಕಣ್ಣಿನ ಮಸೂರ ತನ್ನ ಸ್ಥಿತಿಸ್ಥಾಪಕತ್ವವನ್ನು ಕಳೆದುಕೊಳ್ಳುವುದರಿಂದ ಚಾಳೀಸು ಬರುತ್ತದೆ. ಓದುವ ಕನ್ನಡಕ ಸುಮಾರು 35ರಿಂದ 40 ಸೆಂಟಿಮೀಟರ್ ದೂರಕ್ಕೆ ಹೊಂದುವಂಥದು. ಆದರೆ ಈಜಲ್ಲಿನ ಹಾಳೆಯೂ ಗಣಕಯಂತ್ರದ ಪರದೆಯೂ ಅದಕ್ಕಿಂತ ದೂರ ಇರುತ್ತವೆ. ಬರೆಯಬೇಕಾದ ವಸ್ತು ಇನ್ನೂ ದೂರದಲ್ಲಿರುತ್ತದೆ. ಆದ್ದರಿಂದ ಈ ದೂರಗಳನ್ನು ಅಳೆದು ನೇತ್ರವೈದ್ಯರಿಗೆ ತಿಳಿಸಿ ಕನ್ನಡಕ ಮಾಡಿಸಿಕೊಳ್ಳುವುದು ಲೇಸು. ತಲೆನೋವಿಗೆ ಹೆದರಿ ತರಗತಿ ಬಿಟ್ಟವರಲ್ಲಿ ಕೆಲವರಿಗಾದರೂ ಬೇಕಾಗಿದ್ದುದು ಬೇರೆ ಕನ್ನಡಕವಷ್ಟೆ. ಬಣ್ಣಗಳು ಮಾಸಿದಂತೆ, ಹಳದಿಗಟ್ಟಿದಂತೆ ಕಂಡರೆ ಕಣ್ಣಿನ ಪೊರೆಯ ಪರೀಕ್ಷೆ ಆಗಲೇಬೇಕು. ಫ್ರಾನ್ಸಿನ ಮೋನೆಯ ಚಿತ್ರಗಳ ಬಣ್ಣವೇ ಪೊರೆಯಿಂದ ಬದಲಾಗಿ, 1923ರಲ್ಲಿ ಆತ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು.

ಮಣಿಕಟ್ಟಿನಿಂದಲ್ಲದೆ ಭುಜದಿಂದ ಕೈಯಾಡಿಸುವುದು, ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲುವುದು, ಪರದೆಯಿಂದ ಆಗಾಗ ಕಣ್ಣೆತ್ತಿ ದೂರ ನೋಡುವುದು ಒಳ್ಳೆಯ ಅಭ್ಯಾಸ. ಬೆರಳು ಜೋಮು ಹಿಡಿಯುವುದು ಮರುಕಳಿಸಿದರೆ ವೈದ್ಯರನ್ನು ಕಾಣಬೇಕು. ಕುಂಚದ ತುದಿಯನ್ನು ನಾಲಿಗೆಯಿಂದ ಚೂಪು ಮಾಡುವ ಹಳೆಯ ಚಾಳಿಯನ್ನು ಬಿಡಲೇಬೇಕು. ಕೆಲವು ಬಣ್ಣಗಳಲ್ಲಿ ಸೀಸ, ಕ್ಯಾಡ್ಮಿಯಂಗಳಂತಹ ವಿಷದ್ರವ್ಯಗಳಿರುತ್ತವೆ. ಟರ್ಪೆಂಟೈನ್ ಬಳಸುವಾಗ ಕಿಟಕಿ ತೆರೆದಿರಬೇಕು. ಬಣ್ಣದ ಬಟ್ಟಲು ಅಡುಗೆಮನೆಯ ಬಟ್ಟಲಾಗಬಾರದು.

ಲಾಭವೂ ಇಲ್ಲದಿಲ್ಲ. 2016ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 39 ವಯಸ್ಕರು 45 ನಿಮಿಷ ಕಲಾಕೆಲಸದಲ್ಲಿ ತೊಡಗಿದಾಗ, ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಳಿದಿತ್ತು. ಪಳಗಿದವರು, ಹೊಸಬರು ಎಂಬ ಭೇದ ಅಲ್ಲಿ ಕಾಣಲಿಲ್ಲ. 2014ರ ಜರ್ಮನಿಯ ಅಧ್ಯಯನವೊಂದರಲ್ಲಿ ನಿವೃತ್ತರಾದ 28 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹತ್ತು ವಾರ ಕಲಾರಚನೆಯನ್ನೂ ಇನ್ನೊಂದಕ್ಕೆ ಕಲಾಕೃತಿಗಳ ವೀಕ್ಷಣೆ, ಚರ್ಚೆಯನ್ನೂ ಕೊಡಲಾಯಿತು. ಮಿದುಳಿನ ಭಾಗಗಳ ಪರಸ್ಪರ ಸಂಪರ್ಕ ಹೆಚ್ಚಿದ್ದು ಕೈಯಾರೆ ರಚಿಸಿದವರಲ್ಲಿ. ಇವು ಸಣ್ಣ ಅಧ್ಯಯನಗಳು. ಚಿತ್ರಕಲೆ ರಕ್ತದೊತ್ತಡಕ್ಕೆ ಗುಳಿಗೆಯಲ್ಲ. ಆದರೂ ಮನಸ್ಸಿಗೆ ಹಿತವೆನಿಸುವುದು ದೇಹಕ್ಕೂ ಅಹಿತವಲ್ಲವೆಂದು ಧೈರ್ಯವಾಗಿ ಹೇಳಬಹುದು.

ಸಂಘಗಳು ಮಾಡಬಹುದಾದ ಕೆಲಸ

ಇದಕ್ಕೆ ದೊಡ್ಡ ಬಂಡವಾಳವೇನೂ ಬೇಡ. ಒಂದು ಕೋಣೆ, ಭಾನುವಾರದ ಎರಡು ಗಂಟೆ, ಒಂದು ಚೊಂಬು, ಕೆಲವು ಹಾಳೆ, ಬಲ್ಲ ಒಬ್ಬ ಶಿಕ್ಷಕರು ಇದ್ದರೆ ಸಾಕು. ತಮಿಳರಾದರೂ ಸರಿ, ಅವರು ರೇಖೆಯನ್ನು ಕಲಿಸಲಿ. ಕನ್ನಡದ ಅಕ್ಷರವನ್ನು ಕನ್ನಡಿಗ ವಿದ್ಯಾರ್ಥಿಗಳೇ ಅವರ ಮುಂದೆ ಇಡಲಿ. ಮುಂದಿನ ರಾಜ್ಯೋತ್ಸವದ ಫಲಕವನ್ನೂ ಮುಂದಿನ ಸಂಚಿಕೆಯ ಮುಖಪುಟವನ್ನೂ ಆ ತರಗತಿಯೇ ಸಿದ್ಧಪಡಿಸಲಿ. ಚೋಳಮಂಡಲದ ಚಿತ್ರಶಾಲೆಗೆ ವರ್ಷಕ್ಕೊಮ್ಮೆ ಎಲ್ಲರೂ ಕೂಡಿ ಹೋಗಿಬಂದರೆ ನೋಡುವ ಕಣ್ಣಿಗೆ ಒಳ್ಳೆಯ ಊಟವೂ ದೊರೆತೀತು.

ವಿಜಯದಶಮಿಯಂದು ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಕ್ಕಿಯ ಮೇಲೆ ಅಕ್ಷರ ತಿದ್ದಿಸುವ ಪದ್ಧತಿ ಅನೇಕ ಮನೆಗಳಲ್ಲಿದೆ. ತಿದ್ದಿಸುವ ಹಿರಿಯರು ಅದೇ ದಿನ ತಮಗೂ ಒಂದು ಹಾಳೆ, ಒಂದು ಸೀಸದಕಡ್ಡಿ ತೆಗೆದಿಟ್ಟುಕೊಳ್ಳಬಹುದು. ಹೊಸ ವಿದ್ಯೆಯ ಆರಂಭಕ್ಕೆ ಪ್ರಶಸ್ತವಾದ ಆ ದಿನಕ್ಕೆ ಯಾವ ಪಂಚಾಂಗವೂ ವಯಸ್ಸಿನ ಮಿತಿ ಹಾಕಿಲ್ಲ.