ಬೆಳ್ಳಿಯ ವರ್ಕ್ ಹಚ್ಚಿದರೆ ಗಾಯ ವಾಸಿಯಾಗುತ್ತದೆಯೇ?

ಕಳೆದ ವರ್ಷ ಹನೂರಿನಲ್ಲಿರುವ ನನ್ನ ನಾನಾ ಅವರ ಕಾಲಿಗೆ ಚಪ್ಪಲಿ ಉಜ್ಜಿ ಗಾಯವಾಯಿತು. ಅವರಿಗೆ ಸಕ್ಕರೆ ಕಾಯಿಲೆ ಇದೆ. ಹದಿನೈದು ದಿನವಾದರೂ ಗಾಯ ಒಣಗಲಿಲ್ಲ. ಕೊಳ್ಳೇಗಾಲಕ್ಕೆ ಕರೆತಂದಾಗ ವೈದ್ಯರು ಗಾಯ ತೊಳೆದು, ಸಿಲ್ವರ್ ಜೆಲ್ ಹಚ್ಚಿ ಬ್ಯಾಂಡೇಜ್ ಕಟ್ಟಿದರು. ಟ್ಯೂಬಿನ ಮೇಲೆ ‘ನ್ಯಾನೋ’ ಎಂದು ಬರೆದಿತ್ತು. ಅದನ್ನು ನೋಡಿ ನಾನಿ ಕೇಳಿದರು: “ಬೆಳ್ಳಿಯೇ ಔಷಧಿಯಾದರೆ ಮಿಠಾಯಿ ಮೇಲೆ ಹಚ್ಚುವ ಚಾಂದಿ ವರ್ಕನ್ನೇ ಅಂಟಿಸಬಹುದಲ್ಲ?” ಮನೆಯಲ್ಲಿ ಪಿಯುಸಿ ಓದುವವಳು ನಾನೊಬ್ಬಳೇ. ಆದರೆ ನನ್ನದು ಕಾಮರ್ಸ್, ಉತ್ತರ ಗೊತ್ತಿರಲಿಲ್ಲ. ನಮ್ಮ ಸೈನ್ಸ್ ಉಪನ್ಯಾಸಕರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ನಾನಿಯ ಮಾತು ಪೂರ್ತಿ ತಪ್ಪಲ್ಲ. ಬೆಳ್ಳಿ ಹಳೆಯ ಔಷಧಿ. ಯುನಾನಿ ಹಕೀಮರೂ ಅದನ್ನು ಬಳಸುತ್ತಿದ್ದರು. 1880ರ ದಶಕದಲ್ಲಿ ಜರ್ಮನಿಯ ವೈದ್ಯ ಕ್ರೆಡೆ, ನವಜಾತ ಶಿಶುಗಳ ಕಣ್ಣಿನ ಸೋಂಕು ತಡೆಯಲು ಸಿಲ್ವರ್ ನೈಟ್ರೇಟ್ ಹನಿ ಹಾಕುವ ಪದ್ಧತಿ ತಂದರು. 1960ರ ದಶಕದಲ್ಲಿ ಸುಟ್ಟಗಾಯಕ್ಕೆ ಸಿಲ್ವರ್ ಸಲ್ಫಾಡಯಾಜಿನ್ ಎಂಬ ಬಿಳಿ ಕ್ರೀಮ್ ಬಂತು. ಅದು ಈಗಲೂ ಬಳಕೆಯಲ್ಲಿದೆ.

ಆದರೆ ಬೆಳ್ಳಿಯ ತುಂಡು ತಾನಾಗಿ ರೋಗಾಣುವನ್ನು ಕೊಲ್ಲುವುದಿಲ್ಲ. ಒದ್ದೆಯಾದಾಗ ಅದರ ಮೇಲ್ಮೈಯಿಂದ ಬೆಳ್ಳಿಯ ಅಯಾನುಗಳು ನಿಧಾನವಾಗಿ ಹೊರಬರುತ್ತವೆ. ಅವು ಬ್ಯಾಕ್ಟೀರಿಯಾದ ಪೊರೆಯನ್ನು ಕೆಡಿಸುತ್ತವೆ, ಒಳಗಿನ ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ಕೆಲಸ ನಿಲ್ಲಿಸುತ್ತವೆ. ಅಂದರೆ ಮೇಲ್ಮೈ ಹೆಚ್ಚಿದಷ್ಟೂ ಕೆಲಸ ಹೆಚ್ಚು.

ಇಲ್ಲಿ ನಮ್ಮ ಕಾಮರ್ಸ್ ಲೆಕ್ಕ ಉಪಯೋಗಕ್ಕೆ ಬಂತು. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಬೆಳ್ಳಿಯ ತುಂಡಿನ ಹೊರಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರ್‌ನ ಪುಟ್ಟ ಘನಗಳಾಗಿ ಕತ್ತರಿಸಿದರೆ ಒಟ್ಟು ಹೊರಮೈ 600 ಚದರ ಮೀಟರ್ ಆಗುತ್ತದೆ! 30×40ರ ಐದು ಸೈಟುಗಳಿಗಿಂತ ಹೆಚ್ಚು. ಬೆಳ್ಳಿ ಅಷ್ಟೇ, ತೂಕವೂ ಅಷ್ಟೇ. ನಮ್ಮ ಒಂದು ತಲೆಕೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್ ಎಂದರೆ ಈ ಕಣ ಎಷ್ಟು ಚಿಕ್ಕದೆಂದು ಊಹಿಸಿ.

ಹಾಗಾದರೆ ವರ್ಕ್ ಯಾಕೆ ಬೇಡ? ಅದೂ ಬಹಳ ತೆಳುವೇ. ಆದರೆ ಅದು ಹಾಳೆ, ಕಣವಲ್ಲ. ಗಾಯಕ್ಕೆಂದು ಶುದ್ಧೀಕರಿಸಿದ್ದಲ್ಲ. ಎಷ್ಟು ಬೆಳ್ಳಿ ಬಿಡುತ್ತದೆ ಎಂದು ಯಾರೂ ಅಳೆದಿಲ್ಲ. ಕೆಲವು ಕಡೆ ಬೆಳ್ಳಿಯ ಬದಲು ಅಲ್ಯುಮಿನಿಯಂ ಹಾಳೆಯನ್ನೇ ಮಾರುತ್ತಾರೆ. ತೆರೆದ ಗಾಯದ ಮೇಲೆ ಅದನ್ನು ಅಂಟಿಸಿದರೆ ಹೊಸ ಸೋಂಕನ್ನು ನಾವೇ ಕರೆದಂತೆ.

ಬೆಳ್ಳಿಯೊಂದೇ ಅಲ್ಲ, ಬೇರೆ ಲೋಹಗಳ ಮೇಲೂ ಸಂಶೋಧನೆ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಸೀರಿಯಂ ಆಕ್ಸೈಡ್‌ನ ನ್ಯಾನೋ ಕಣಗಳಿಂದ ಬ್ಯಾಕ್ಟೀರಿಯಾದ ಪೊರೆಯನ್ನೇ ಒಡೆಯುವ ದಾರಿ ಹುಡುಕಿದ್ದಾರೆ. ನಮ್ಮೂರಿಗೆ ಹತ್ತಿರದ ವಿಷಯವೂ ಒಂದಿದೆ. ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವಾಗ ನೀರಿಗೆ ಬಿಡುವ ಅಂಟಿನ ಹೆಸರು ಸೆರಿಸಿನ್. ಆ ಸೆರಿಸಿನ್ ಜೊತೆ ನ್ಯಾನೋ ಬೆಳ್ಳಿ ಸೇರಿಸಿ ಗಾಯದ ಪಟ್ಟಿ ಮಾಡುವ ಪ್ರಯೋಗಗಳು ನಡೆದಿವೆ. ಕೊಳ್ಳೇಗಾಲದಲ್ಲಿ ಚರಂಡಿಗೆ ಹೋಗುವ ನೀರಿನಲ್ಲಿ ಇಂಥ ವಸ್ತುವಿದೆ ಎಂದು ನನಗೆ ಗೊತ್ತೇ ಇರಲಿಲ್ಲ!

ಆದರೂ ಎಚ್ಚರಿಕೆ ಬೇಕು. 1975ರಲ್ಲೇ ಅಮೆರಿಕದ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ ಬೆಳ್ಳಿಗೂ ಬಗ್ಗದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಕಂಡುಬಂದಿತ್ತು. ಬೆಳ್ಳಿಯ ದ್ರಾವಣವನ್ನು ಬಹಳ ಕಾಲ ಕುಡಿದವರ ಚರ್ಮ ಶಾಶ್ವತವಾಗಿ ನೀಲಿ-ಬೂದು ಬಣ್ಣಕ್ಕೆ ತಿರುಗಿದ್ದೂ ಉಂಟು. ಸೋಂಕಿಲ್ಲದ ಗಾಯಕ್ಕೆ ಬೆಳ್ಳಿ ಹಚ್ಚುತ್ತಲೇ ಇದ್ದರೆ ಹೊಸ ಚರ್ಮ ಬೆಳೆಯುವುದು ತಡವಾಗಬಹುದು. ಆದ್ದರಿಂದ ಯಾವ ಗಾಯಕ್ಕೆ, ಎಷ್ಟು ದಿನ ಎಂದು ಹೇಳಬೇಕಾದವರು ವೈದ್ಯರೇ.

ಬೆಲೆಯ ವಿಷಯಕ್ಕೆ ಬಂದರೆ, ನ್ಯಾನೋ ಬೆಳ್ಳಿಯ ಕೆಲವು ಪಟ್ಟಿಗಳನ್ನು ಮೂರರಿಂದ ಏಳು ದಿನ ಹಾಗೇ ಬಿಡಬಹುದು. ಪಟ್ಟಿಯ ಬೆಲೆ ಹೆಚ್ಚಿದ್ದರೂ ಹನೂರು, ಯಳಂದೂರಿನಿಂದ ಪದೇ ಪದೇ ಬರುವ ಬಸ್ ಚಾರ್ಜು, ಕೈಬಿಟ್ಟು ಹೋಗುವ ಕೂಲಿ ಎರಡನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ನಾನಾ ಅವರ ಗಾಯ ಮಾಯಲು ಎರಡು ತಿಂಗಳಿಗೂ ಹೆಚ್ಚು ಬೇಕಾಯಿತು. ಬ್ಯಾಂಡೇಜ್ ಬಿಚ್ಚಿದ ದಿನ ನರ್ಸ್ ಹೇಳಿದ್ದು: “ಜೆಲ್ ಹುಳುವನ್ನು ತಡೆಯಿತು ಅಷ್ಟೇ. ಗಾಯ ಮುಚ್ಚಿದ್ದು ನಿಮ್ಮ ಶುಗರ್ ಇಳಿದಿದ್ದರಿಂದ.” ನಾನಿ ಈಗ ದಿನಾ ರಾತ್ರಿ ಅವರ ಪಾದ ನೋಡಿಯೇ ಮಲಗುತ್ತಾರೆ. ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆಯವರಿದ್ದರೆ ಇವತ್ತೇ ಅವರ ಪಾದ ನೋಡಿ. ಗಾಯವಿದ್ದರೆ ಹದಿನೈದು ದಿನ ಕಾಯಬೇಡಿ. ನಾವು ಕಾದದ್ದು ತಪ್ಪು.