ಹೆಸರಾಂತ ಅಂಗಡಿಗಳ ಸೋಗಿನಲ್ಲಿ ಬರುವ ಕಪಟ ಪತ್ರಗಳು

ಅಂಗಡಿಯನ್ನು ಕಣ್ಣಾರೆ ಕಾಣದೆಯೇ ಸಾಮಾನು ತರಿಸಿಕೊಳ್ಳುವ ಪದ್ಧತಿಯು ಗ್ರಾಮವಾಸಿಗಳಿಗೆ ಹೊಸದಲ್ಲ. ಹಿಂದೆ ಕ್ಯಾಟಲಾಗು ನೋಡಿ, ಕಾಗದ ಬರೆದು, ವಿ.ಪಿ. ಮೂಲಕ ಬೀಜ, ಗಡಿಯಾರ, ಔಷಧಿಗಳನ್ನು ತರಿಸುತ್ತಿದ್ದವರು ಅನೇಕರಿದ್ದರು. ಪಾರ್ಸೆಲ್ಲು ಕೈಗೆ ಬರುವಾಗಲೇ ಅಂಚೆಯವನಿಗೆ ಹಣ ಕೊಡಬೇಕಾಗಿದ್ದುದರಿಂದ, ಮೋಸವಾದರೂ ಅದು ಆ ಪಾರ್ಸೆಲ್ಲಿನ ಬೆಲೆಯನ್ನು ಮೀರುತ್ತಿರಲಿಲ್ಲ. ಈಗ ಅಮೆಜಾನ್, ಫ್ಲಿಪ್‌ಕಾರ್ಟ್ ಮುಂತಾದ ಅಂತರ್ಜಾಲದ ಅಂಗಡಿಗಳಿಂದ ಔಷಧಿ ಸಿಂಪಡಿಸುವ ಯಂತ್ರ, ತಾಡಪಾಲು, ಮೋಟಾರಿನ ಬಿಡಿಭಾಗಗಳು ಕೂಡ ರೈತರ ಮನೆಬಾಗಿಲಿಗೆ ಬರುತ್ತಿವೆ. ಅನುಕೂಲವೇನೋ ದೊಡ್ಡದು. ಆದರೆ ಈ ಅಂಗಡಿಗಳ ಸೋಗು ಹಾಕಿ ಈ-ಮೇಲ್ ಕಳುಹಿಸುವ ವಂಚಕರ ಕಣ್ಣು ಒಂದು ಪಾರ್ಸೆಲ್ಲಿನ ಬೆಲೆಯ ಮೇಲಿರುವುದಿಲ್ಲ; ಅಡಕೆ, ಕೊಬ್ಬರಿ ಮಾರಿ ಬಂದ ಹಣವೂ ಬೆಳೆಸಾಲದ ಹಣವೂ ಕೂಡಿರುವ ಬ್ಯಾಂಕಿನ ಖಾತೆಯ ಮೇಲೆಯೇ ಇರುತ್ತದೆ.

ಈ ವಂಚನೆಗೆ ಫಿಷಿಂಗ್ ಎಂದು ಹೆಸರು. 1990ರ ದಶಕದ ನಡುಭಾಗದಲ್ಲಿ ಅಮೆರಿಕದ ಎ.ಓ.ಎಲ್. ಸಂಸ್ಥೆಯ ಗ್ರಾಹಕರ ಗುಪ್ತಪದಗಳನ್ನು ಕದಿಯುತ್ತಿದ್ದವರಿಂದ ಈ ಮಾತು ಬಳಕೆಗೆ ಬಂದಿತು. ಗಾಳಕ್ಕೆ ಎರೆ ಸಿಕ್ಕಿಸಿ ಮೀನು ಹಿಡಿಯುವಂಥದೇ ಇದರ ಕ್ರಮ. ಎರೆಯು ಕೆಲವು ವೇಳೆ ಆಸೆಯದು: ಹಬ್ಬದ ಬಹುಮಾನ ಬಂದಿದೆ, ಅರ್ಧ ಬೆಲೆಗೆ ಯಂತ್ರ ದೊರೆಯುವುದು, ಇತ್ಯಾದಿ. ಕೆಲವು ವೇಳೆ ಭಯದ್ದು: "ತಮ್ಮ ಹೆಸರಿನಲ್ಲಿ ಅರುವತ್ತು ಸಾವಿರ ರೂಪಾಯಿಯ ಫೋನಿಗೆ ಆರ್ಡರು ಬಂದಿದೆ, ತಾವು ಕೊಟ್ಟದ್ದಲ್ಲವಾದರೆ ಈ ಕ್ಷಣವೇ ಇಲ್ಲಿ ಒತ್ತಿ ರದ್ದುಮಾಡಿರಿ." ಎರಡನೆಯದೇ ಹೆಚ್ಚು ಅಪಾಯಕರ. ದುರಾಶೆಯಿಲ್ಲದ ಗೃಹಸ್ಥರೂ ತಮ್ಮ ಹಣವನ್ನು ಉಳಿಸಿಕೊಳ್ಳುವ ಆತುರದಲ್ಲಿಯೇ ಅದನ್ನು ಕಳೆದುಕೊಳ್ಳುವರು.

ಅಂಗಡಿಯ ಹೆಸರೂ ಚಿಹ್ನೆಯೂ ಇದ್ದ ಮಾತ್ರಕ್ಕೆ ಪತ್ರವನ್ನು ನಂಬತಕ್ಕದ್ದಲ್ಲ. ಈ-ಮೇಲ್ ಸಾಗಿಸುವ ನಿಯಮಾವಳಿಯು 1982ರಲ್ಲಿ ಏರ್ಪಟ್ಟಾಗ, ಕಳುಹಿಸುವವನು ತಾನು ಹೇಳಿಕೊಂಡವನೇ ಹೌದೋ ಅಲ್ಲವೋ ಎಂದು ಪರೀಕ್ಷಿಸುವ ವ್ಯವಸ್ಥೆ ಅದರಲ್ಲಿರಲಿಲ್ಲ. ತರುವಾಯ ಕೆಲವು ಪರೀಕ್ಷೆಗಳು ಸೇರಿದವಾದರೂ, ಮೇಲೆ ಕಾಣುವ ಹೆಸರನ್ನು ಇಂದಿಗೂ ಮನಬಂದಂತೆ ಇಡಬಹುದು. ಹೆಸರಾದ ಕಂಪೆನಿಯ ಚೀಲದಲ್ಲಿ ಕಳಪೆ ಬೀಜ ತುಂಬಿ ಮಾರುವವರನ್ನು ಕಂಡಿರುವ ರೈತರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಕಾಗುಣಿತದ ತಪ್ಪುಗಳಿಂದ ಕಪಟವನ್ನು ಹಿಡಿಯುವ ಹಳೆಯ ಉಪಾಯವೂ ಈಗ ಸಾಲದು. ಕೃತಕ ಬುದ್ಧಿಮತ್ತೆಯ ಯಂತ್ರಗಳು ಒಳ್ಳೆಯ ಕನ್ನಡವನ್ನೇ ಬರೆದುಕೊಡುತ್ತವೆ.

ನೋಡಬೇಕಾದದ್ದು ವಿಳಾಸವನ್ನು. ಕಂಪ್ಯೂಟರಿನಲ್ಲಿ "ಇಲ್ಲಿ ಒತ್ತಿರಿ" ಎಂಬ ಮಾತಿನ ಮೇಲೆ ಮೌಸಿನ ಬಾಣವನ್ನು ಒತ್ತದೆ ನಿಲ್ಲಿಸಿದರೆ, ಅದು ನಿಜವಾಗಿ ಎಲ್ಲಿಗೆ ಕರೆದೊಯ್ಯುವುದೆಂಬುದು ಕಾಣುತ್ತದೆ. ಆರಂಭದ ಎರಡು ಓರೆಗೆರೆಗಳನ್ನು ಬಿಟ್ಟು, ಮುಂದಿನ ಓರೆಗೆರೆಯವರೆಗಿನ ಭಾಗವನ್ನು ಬಲದಿಂದ ಎಡಕ್ಕೆ ಓದಬೇಕು. "ಅಮೆಜಾನ್.ಇನ್" ಎಂದಿದ್ದರೆ ಅಂಗಡಿ ಅಮೆಜಾನಿನದೇ. "ಅಮೆಜಾನ್.ಹಬ್ಬದಮಾರಾಟ.ಕಾಮ್" ಎಂಬಂತಿದ್ದರೆ ಒಡೆಯನು ಹಬ್ಬದಮಾರಾಟದವನು, ಮುಂದಿರುವ ಅಮೆಜಾನ್ ಎಂಬುದು ಬರಿಯ ಅಲಂಕಾರ. ಹೊಲಕ್ಕೆ ಯಾವ ಹೆಸರನ್ನೇ ಇಟ್ಟುಕೊಳ್ಳಲಿ, ಅದು ಎಲ್ಲಿಯದೆಂಬುದನ್ನು ಕೊನೆಗೆ ಬರೆದ ಗ್ರಾಮ, ತಾಲ್ಲೂಕುಗಳು ನಿರ್ಣಯಿಸುವಂತೆಯೇ ಇದು. "ಕೋ.ಇನ್" ಎಂದು ಮುಗಿಯುವಲ್ಲಿ ಅದರ ಎಡಗಡೆಯ ಹೆಸರನ್ನು ನೋಡತಕ್ಕದ್ದು. ಅಕ್ಷರಗಳಲ್ಲಿಯೂ ಮೋಸವುಂಟು: ಇಂಗ್ಲಿಷಿನ ಆರ್, ಎನ್ ಎಂಬ ಸಣ್ಣ ಅಕ್ಷರಗಳು ಒತ್ತಾಗಿ ಕೂತರೆ ಎಮ್ಮಿನಂತೆ ಕಾಣುವುವು. ವಿಳಾಸದ ಬಳಿ ಬೀಗದ ಚಿಹ್ನೆಯಿದ್ದರೆ, ದಾರಿಯಲ್ಲಿ ಬೇರೆಯವರು ಓದಲಾರರೆಂದಷ್ಟೇ ಅರ್ಥ. ಕಳ್ಳನೂ ತನ್ನ ಅಂಗಡಿಗೆ ಬೀಗ ಹಾಕಿಸಬಲ್ಲನು.

ಈ ಕಪಟವು ವ್ಯಾಪಾರಕ್ಕೆ ಮಾತ್ರ ಸೀಮಿತವಾಗಿಲ್ಲ. 2019ರಲ್ಲಿ ಸೋಲಾರ್ ಪಂಪುಗಳ ಪಿ.ಎಂ.-ಕುಸುಮ್ ಯೋಜನೆಯು ಆರಂಭವಾದ ಮೇಲೆ, ಅದರ ಹೆಸರಿನ ನಕಲಿ ವೆಬ್‌ಸೈಟುಗಳು ನೋಂದಣಿ ಶುಲ್ಕವೆಂದು ಹಣ ಎಳೆಯುತ್ತಿರುವುದಾಗಿ ಕೇಂದ್ರ ಮಂತ್ರಾಲಯವು ಪ್ರಕಟಣೆಗಳನ್ನು ಹೊರಡಿಸಬೇಕಾಯಿತು.

ಇಷ್ಟೆಲ್ಲ ಪರೀಕ್ಷಿಸಲು ಎಲ್ಲರಿಗೂ ಸಾಧ್ಯವಾಗದು; ಮೊಬೈಲಿನ ಸಣ್ಣ ಪರದೆಯಲ್ಲಂತೂ ಕಷ್ಟ. ಅಂಥವರಿಗೆ ಒಂದೇ ನಿಯಮ ಸಾಕು: ಪತ್ರವು ತೋರಿಸಿದ ದಾರಿಯಲ್ಲಿ ಹೋಗದೆ, ತಾವೇ ಅಂಗಡಿಯ ಆ್ಯಪನ್ನು ತೆರೆದು ಆರ್ಡರುಗಳ ಪಟ್ಟಿಯನ್ನು ನೋಡುವುದು. ಪತ್ರದಲ್ಲಿ ಹೇಳಿದ ಆರ್ಡರು ಅಲ್ಲಿ ಇಲ್ಲವಾದರೆ ಪತ್ರ ಸುಳ್ಳು. ಪತ್ರದಲ್ಲಿರುವ ನಂಬರಿಗೆ ಫೋನು ಮಾಡಲೂ ಬಾರದು. ಅಲ್ಲಿ ಸಿಕ್ಕುವಾತನು ವಿನಯದಿಂದ ಮಾತನಾಡಿ, ದೂರದಿಂದಲೇ ಫೋನನ್ನು ನಡೆಸಬಲ್ಲ ಆ್ಯಪನ್ನು ಹಾಕಿಸುವನು. ಯು.ಪಿ.ಐ.ನಲ್ಲಿ ಹಣ ಪಡೆಯಲು ಪಿನ್ ಬೇಕಾಗಿಲ್ಲ; ಪಿನ್ ಒತ್ತುವುದು ಹಣ ಕೊಡುವುದಕ್ಕೆ.

ಇಷ್ಟಾಗಿಯೂ ಹಣ ಹೋದರೆ ಮೊದಲು ಬ್ಯಾಂಕಿಗೆ, ಕೂಡಲೇ 1930 ನಂಬರಿಗೆ ತಿಳಿಸತಕ್ಕದ್ದು. ಹಣವು ಖಾತೆಯಿಂದ ಖಾತೆಗೆ ಸಾಗಿಹೋಗುವುದರೊಳಗೆ ತಡೆಯಬೇಕಾದುದರಿಂದ ಇಲ್ಲಿ ಗಳಿಗೆ ಗಳಿಗೆಗೂ ಬೆಲೆಯುಂಟು. ಗ್ರಾಹಕನೇ ಗುಪ್ತಸಂಖ್ಯೆಯನ್ನು ತಿಳಿಸಿದ್ದರೆ ಬ್ಯಾಂಕಿಗೆ ವರದಿಮಾಡುವವರೆಗಿನ ನಷ್ಟ ಅವನದು, ವರದಿಯಾದ ಮೇಲಿನ ನಷ್ಟ ಬ್ಯಾಂಕಿನದು ಎಂದು ರಿಜರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ವಿಧಿಸಿತು. ಊರಿನಲ್ಲಿ ಮರ್ಯಾದೆ ಹೋದೀತೆಂದು ಎರಡು ದಿವಸ ಮುಚ್ಚಿಟ್ಟುಕೊಳ್ಳುವ ಹಿರಿಯರು ಇದನ್ನು ನೆನೆಯಬೇಕು. ನೊಂದವನನ್ನು ನಗದೆ ಫೋನು ಮಾಡಿಸುವುದು ಮುಖಂಡರ ಕೆಲಸ. ಪತ್ರವನ್ನು ಅಳಿಸಬಾರದು, ಅದೇ ಸಾಕ್ಷ್ಯ. ಕಂಪ್ಯೂಟರಿನ ಮೂಲಕ ಬೇರೆಯವರ ಸೋಗು ಹಾಕಿ ವಂಚಿಸಿದವನಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಪ್ರಕರಣದಂತೆ ಮೂರು ವರ್ಷದವರೆಗೆ ಸಜೆಯೂ ಒಂದು ಲಕ್ಷ ರೂಪಾಯಿವರೆಗೆ ಜುಲ್ಮಾನೆಯೂ ಉಂಟು.

ಕೆಲವು ದಿನಗಳ ಮೇಲೆ, ಹೋದ ಹಣವನ್ನು ವಾಪಸು ಕೊಡಿಸುವುದಾಗಿ ಮುಂಗಡ ಶುಲ್ಕ ಕೇಳುತ್ತ ಇನ್ನೊಬ್ಬನು ಬರಬಹುದು. ಅವನೂ ಅದೇ ಗುಂಪಿನವನೆಂದೇ ತಿಳಿಯತಕ್ಕದ್ದು.