ಅಂಗೈ ಅಗಲದ ಫೋರ್ ಸ್ಟ್ರೋಕ್ ಎಂಜಿನ್: ಓಡಿಸುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ?

ಬುಲೆಟ್ ಗಾಡಿಯ ಟ್ಯಾಪೆಟ್ ಹೊಂದಿಸುವುದನ್ನು ನೋಡದವರು ನಮ್ಮ ಆದವಾನಿ, ರಾಯದುರ್ಗ, ಮಡಕಶಿರಾ ಕಡೆ ವಿರಳ. ಅದೇ ಟ್ಯಾಪೆಟ್, ಅದೇ ವಾಲ್ವ್, ಅದೇ ಕ್ಯಾಮ್ ಇರುವ ಎಂಜಿನ್ ಒಂದು ಅಂಗೈಯಲ್ಲಿ ಕೂರುವಷ್ಟು ಚಿಕ್ಕದಾಗಿ ಇರುತ್ತದೆ ಎಂದರೆ ಹಲವರು ನಂಬಲಿಕ್ಕಿಲ್ಲ. ಆದರೆ ಇದೆ. ರೇಡಿಯೊ ನಿಯಂತ್ರಣದಿಂದ ಹಾರುವ ಮಾದರಿ ವಿಮಾನಗಳಿಗೆ ಹಾಕುವ ಫೋರ್ ಸ್ಟ್ರೋಕ್ ಗ್ಲೋ ಎಂಜಿನ್ ಎಂಬುದು ಇದೇ.

ಎನ್‌ಸಿಸಿಯ ಏರ್ ವಿಂಗ್‌ನಲ್ಲಿ ಮಾದರಿ ವಿಮಾನ ತಯಾರಿಕೆ ತರಬೇತಿಯ ಒಂದು ಭಾಗ. ಎಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ಈ ಹವ್ಯಾಸದ ಹುಡುಗರಿದ್ದಾರೆ. ಈಗ ಬ್ಯಾಟರಿ ಮೋಟಾರು ಬಂದು ಎಣ್ಣೆ ಎಂಜಿನ್‌ಗಳು ಹಿಂದೆ ಸರಿದಿವೆ. ಹಾಗಾಗಿ ಕಪಾಟಿನಲ್ಲಿ ಕುಳಿತ ಹಳೆಯ ಎಂಜಿನ್ ಕಡಿಮೆ ಬೆಲೆಗೆ ಕೈಗೆ ಸಿಗುವುದುಂಟು. ಅದನ್ನು ಓಡಿಸಲು ಹೊರಡುವ ಹುಡುಗರಿಗೆ, ಮನೆಯ ಹಿರಿಯರಿಗೆ ಕೆಲವು ವಿಷಯ ತಿಳಿದಿರಬೇಕು. ಏಕೆಂದರೆ ಇದರ ಇಂಧನ ಪೆಟ್ರೋಲ್ ಅಲ್ಲ, ವಿಷ.

ಎಲ್ಲಿಂದ ಬಂತು?

ಗ್ಲೋ ಪ್ಲಗ್ಗನ್ನು ಮಾರುಕಟ್ಟೆಗೆ ತಂದವರು ಅಮೆರಿಕದ ರೇ ಆರ್ಡನ್, 1947ರಲ್ಲಿ. ಅದಕ್ಕೂ ಮೊದಲು ಚಿಕ್ಕ ಎಂಜಿನ್‌ಗಳಿಗೂ ಸ್ಪಾರ್ಕ್ ಪ್ಲಗ್, ಕಾಯಿಲ್, ಬ್ಯಾಟರಿ ಎಲ್ಲ ಹೊತ್ತು ಹಾರಬೇಕಿತ್ತು. ಗ್ಲೋ ಪ್ಲಗ್ ಬಂದ ಮೇಲೆ ಆ ಭಾರವೆಲ್ಲ ಇಳಿಯಿತು. ಆದರೂ ಬಹುಕಾಲ ಈ ಎಂಜಿನ್‌ಗಳು ಹಳೆಯ ಲೂನಾದಂತೆ ಟೂ ಸ್ಟ್ರೋಕ್ ಆಗಿಯೇ ಇದ್ದವು. 1976ರಲ್ಲಿ ಜಪಾನಿನ ಓ.ಎಸ್. ಸಂಸ್ಥೆ ಎಫ್‌ಎಸ್-60 ಎಂಬ 10 ಸಿಸಿ ಫೋರ್ ಸ್ಟ್ರೋಕ್ ಎಂಜಿನ್ ಹೊರತಂದಿತು. ಜಪಾನಿನದೇ ಆದ ಸೈಟೊ, ವೈ.ಎಸ್. ಸಂಸ್ಥೆಗಳೂ ಈ ದಾರಿ ಹಿಡಿದವು. 1980ರ ದಶಕದಲ್ಲಿ ಅಂತರರಾಷ್ಟ್ರೀಯ ಏರೋಬ್ಯಾಟಿಕ್ಸ್ ಸ್ಪರ್ಧೆಯ ನಿಯಮ ಟೂ ಸ್ಟ್ರೋಕ್‌ಗೆ 10 ಸಿಸಿ, ಫೋರ್ ಸ್ಟ್ರೋಕ್‌ಗೆ 20 ಸಿಸಿ ಮಿತಿ ಇಟ್ಟಿದ್ದರಿಂದ ಫೋರ್ ಸ್ಟ್ರೋಕ್‌ನ ಬೇಡಿಕೆ ಹೆಚ್ಚಿತು. ಸದ್ದು ಕಡಿಮೆ, ದೊಡ್ಡ ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸುವ ಶಕ್ತಿ ಹೆಚ್ಚು, ಇಂಧನದ ಖರ್ಚೂ ಕಡಿಮೆ. 10 ಸಿಸಿ ಎಂಜಿನ್ ಸುಮಾರು 12 ಇಂಚಿನ ಪ್ರೊಪೆಲ್ಲರನ್ನು ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗಿಸುತ್ತದೆ.

ಕಿಡಿ ಇಲ್ಲದೆ ಬೆಂಕಿ!

ಗ್ಲೋ ಪ್ಲಗ್‌ನ ಒಳಗೆ ಪ್ಲಾಟಿನಂ ಬೆರೆತ ತಂತಿಯ ಸಣ್ಣ ಸುರುಳಿ ಇರುತ್ತದೆ. ಎಂಜಿನ್ ಶುರು ಮಾಡುವಾಗ ಮಾತ್ರ ಅದಕ್ಕೆ ಸುಮಾರು ಒಂದೂವರೆ ವೋಲ್ಟಿನ ಬ್ಯಾಟರಿ ಹಿಡಿಯುತ್ತಾರೆ. ಸುರುಳಿ ಕೆಂಪಗೆ ಕಾಯುತ್ತದೆ. ಎಂಜಿನ್ ಹಿಡಿದ ಮೇಲೆ ಬ್ಯಾಟರಿ ತೆಗೆದರೂ ಸುರುಳಿ ಆರುವುದಿಲ್ಲ. ಮೆಥನಾಲ್ ಆವಿ ಪ್ಲಾಟಿನಂ ಮೇಲೆ ಬಿದ್ದಾಗ ಅಲ್ಲಿಯೇ ರಾಸಾಯನಿಕ ಕ್ರಿಯೆ ನಡೆದು ಶಾಖ ಹುಟ್ಟುತ್ತದೆ. ಪ್ರತಿ ಸಾರಿ ಉರಿಯುವ ಇಂಧನದ ಬಿಸಿಯೂ ಸೇರಿ ಅದು ಕಾದೇ ಇರುತ್ತದೆ. ಪೆಟ್ರೋಲ್ ಹಾಕಿದರೆ ಈ ಕೆಲಸ ನಡೆಯುವುದಿಲ್ಲ.

ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಮ್ಮೆ ಮಾತ್ರ ಇಂಧನ ಉರಿಯುತ್ತದೆ. ನಡುವಿನ ಖಾಲಿ ಸುತ್ತಿನಲ್ಲಿ ಸುರುಳಿ ತಣ್ಣಗಾಗಬಾರದು. ಆದ್ದರಿಂದ ಇದಕ್ಕೆ ಫೋರ್ ಸ್ಟ್ರೋಕ್‌ಗೆಂದೇ ಮಾಡಿದ ಪ್ಲಗ್ ಬೇಕು. ಟೂ ಸ್ಟ್ರೋಕ್ ಪ್ಲಗ್ ಹಾಕಿ ‘ಸ್ಲೋನಲ್ಲಿ ನಿಲ್ಲುತ್ತಿಲ್ಲ’ ಎಂದು ಕಾರ್ಬೊರೇಟರ್ ಕೆದಕುವುದರಲ್ಲಿ ಅರ್ಥವಿಲ್ಲ.

ಇಂಧನದಲ್ಲಿ ನಮ್ಮ ಹರಳೆಣ್ಣೆ

ಈ ಎಂಜಿನ್‌ನ ಇಂಧನದಲ್ಲಿ ಹೆಚ್ಚಿನ ಪಾಲು ಮೆಥನಾಲ್. ಶೇ. 15ರಿಂದ 20ರಷ್ಟು ಎಣ್ಣೆ. ಸ್ಲೋ ಚೆನ್ನಾಗಿ ನಿಲ್ಲಲಿ, ಶಕ್ತಿ ಹೆಚ್ಚಲಿ ಎಂದು ಶೇ. 5ರಿಂದ 15ರಷ್ಟು ನೈಟ್ರೊಮೀಥೇನ್.

ಎಣ್ಣೆ ಎಂದರೆ ಒಂದು ಕಾಲಕ್ಕೆ ಹರಳೆಣ್ಣೆಯೇ! ಔಡಲೆಣ್ಣೆ ಎನ್ನಿ, ತೆಲುಗಿನಲ್ಲಿ ಆಮುದಂ ಎನ್ನಿ, ಕರ್ನೂಲು, ಮಹಬೂಬ್‌ನಗರದ ಒಣಬೇಸಾಯದ ಹೊಲಗಳಲ್ಲಿ ಬೆಳೆಯುವ ಅದೇ ಹರಳು. ಇದು ಮೆಥನಾಲ್‌ನಲ್ಲಿ ಚೆನ್ನಾಗಿ ಬೆರೆಯುತ್ತದೆ, ಎಂಜಿನ್ ಮಿತಿಮೀರಿ ಕಾದಾಗಲೂ ಲೋಹದ ಮೇಲೆ ಪದರ ಬಿಟ್ಟುಕೊಡುವುದಿಲ್ಲ. ಮೊದಲ ಮಹಾಯುದ್ಧದ ರೋಟರಿ ಎಂಜಿನ್ ವಿಮಾನಗಳು ಹಾರಿದ್ದೂ ಹರಳೆಣ್ಣೆಯ ಬಲದಿಂದಲೇ. ದೋಷವೆಂದರೆ, ಕಾದ ಹರಳೆಣ್ಣೆ ಕಂದು ಬಣ್ಣದ ಅಂಟಾಗಿ ವಾಲ್ವ್, ರಿಂಗ್‌ಗಳಿಗೆ ಹಿಡಿಯುತ್ತದೆ. ಆದ್ದರಿಂದ ಫೋರ್ ಸ್ಟ್ರೋಕ್‌ಗೆ ಈಗ ಹೆಚ್ಚಾಗಿ ಸಿಂಥೆಟಿಕ್ ಎಣ್ಣೆ, ಜೊತೆಗೆ ಸ್ವಲ್ಪ ಹರಳೆಣ್ಣೆ ಬಳಸುತ್ತಾರೆ.

ಇಲ್ಲೊಂದು ಮುಖ್ಯ ಮಾತು. ಬುಲೆಟ್‌ನಲ್ಲಿ ಇರುವಂತೆ ಇದರಲ್ಲಿ ಬೇರೆ ಎಂಜಿನ್ ಆಯಿಲ್ ಇಲ್ಲ, ಪಂಪೂ ಇಲ್ಲ. ಇಂಧನದಲ್ಲಿ ಬೆರೆತ ಎಣ್ಣೆ ಪಿಸ್ಟನ್ ಪಕ್ಕದಿಂದ ನುಸುಳಿ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಬೇರಿಂಗ್, ಕ್ಯಾಮ್ ಎಲ್ಲಕ್ಕೂ ಅದೇ ಎಣ್ಣೆ. ಉಳಿದದ್ದು ಬ್ರೀದರ್ ಎಂಬ ಸಣ್ಣ ನಳಿಕೆಯಿಂದ ಹೊರಬರುತ್ತದೆ. ಬ್ರೀದರ್ ಮುಚ್ಚಿಕೊಳ್ಳಬಾರದು. ಎಣ್ಣೆ ಉಳಿಸಲು ಹೋದರೆ ಎಂಜಿನ್ ಉಳಿಯದು.

ಮೆಥನಾಲ್: ಎರಡೂ ಭಾಷೆಯಲ್ಲಿ ಬರೆದಿಡಿ

2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ ಕಳ್ಳಭಟ್ಟಿ ಕುಡಿದು 60ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಬೆರೆತಿದ್ದು ಇದೇ ಮೆಥನಾಲ್. ನೋಡಲು ನೀರಿನಂತೆ, ವಾಸನೆ ಸಾರಾಯಿಯಂತೆ. ಸುಮಾರು 10 ಮಿಲಿ ಹೊಟ್ಟೆಗೆ ಹೋದರೂ ಕಣ್ಣು ಶಾಶ್ವತವಾಗಿ ಹೋಗಬಹುದು, 30 ಮಿಲಿ ಪ್ರಾಣ ತೆಗೆಯಬಹುದು. ದೇಹದಲ್ಲಿ ಅದು ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣಿನ ನರವನ್ನು ಕೊಲ್ಲುತ್ತದೆ. ಲಕ್ಷಣ ಕಾಣಲು ಅರ್ಧ ದಿನ, ಒಂದು ದಿನ ಹಿಡಿಯಬಹುದು. ಆದ್ದರಿಂದ ಯಾರಾದರೂ ಕುಡಿದದ್ದು ಗೊತ್ತಾದರೆ ‘ಏನೂ ಆಗಿಲ್ಲವಲ್ಲ’ ಎಂದು ಕಾಯಬಾರದು. ತಕ್ಷಣ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು, ಕುಡಿದದ್ದು ಮೆಥನಾಲ್ ಎಂದು ವೈದ್ಯರಿಗೆ ಹೇಳಬೇಕು.

ಈ ಇಂಧನವನ್ನು ನೀರಿನ ಬಾಟಲಿಗೆ, ಬ್ರಾಂದಿ ಬಾಟಲಿಗೆ ಎಂದೂ ಸುರಿಯಬೇಡಿ. ತಂದ ಡಬ್ಬಿಯಲ್ಲೇ ಇಟ್ಟು, ‘ವಿಷ’ ಎಂದು ಕನ್ನಡದಲ್ಲೂ ತೆಲುಗಿನಲ್ಲೂ ದೊಡ್ಡ ಅಕ್ಷರದಲ್ಲಿ ಬರೆಯಿರಿ. ನಮ್ಮ ಮನೆಗಳಲ್ಲಿ ಅಜ್ಜಿ ಓದುವುದು ಒಂದು ಲಿಪಿ, ಮೊಮ್ಮಗ ಓದುವುದು ಇನ್ನೊಂದು. ಓದು ಬಾರದವರಿಗಾಗಿ ತಲೆಬುರುಡೆಯ ಚಿತ್ರವನ್ನೂ ಹಾಕಿ, ಬೀಗ ಹಾಕಿಡಿ. ಮೈಗೆ ಬಿದ್ದರೆ ಚರ್ಮದ ಮೂಲಕವೂ ಒಳಹೋಗುತ್ತದೆ, ಸೋಪು ಹಚ್ಚಿ ತೊಳೆಯಿರಿ. ಇದರ ಬೆಂಕಿ ಬಿಸಿಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಹತ್ತಿರ ಬೀಡಿ ಸಿಗರೇಟು ಬೇಡ. ಮುಚ್ಚಳ ಬಿಗಿಯಾಗಿರಲಿ, ಗಾಳಿಯ ತೇವವನ್ನು ಇದು ಹೀರಿಕೊಳ್ಳುತ್ತದೆ.

1919ರ ವಿಷ ಪದಾರ್ಥಗಳ ಕಾಯ್ದೆ ಇಂತಹ ವಸ್ತುಗಳ ಮಾರಾಟದ ಮೇಲೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ಬಳ್ಳಾರಿಯಲ್ಲಿ ಕೊಂಡು ಆದವಾನಿಗೆ ತರುವವರು ಎರಡೂ ರಾಜ್ಯಗಳ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ.

ಶುರು ಮಾಡುವ ಮುನ್ನ

ಹೊಸ ಎಂಜಿನ್ ಆದರೆ ಮೊದಲು ಗಟ್ಟಿ ಸ್ಟ್ಯಾಂಡಿಗೆ ಬಿಗಿದು, ಇಂಧನ ಹೆಚ್ಚಾಗಿಯೇ ಹೋಗುವಂತೆ ಇಟ್ಟು, ಸ್ವಲ್ಪ ಸ್ವಲ್ಪ ಹೊತ್ತು ಓಡಿಸಿ ಪಳಗಿಸಬೇಕು. ಮುಖ್ಯ ಸೂಜಿಯನ್ನು ಪೂರ್ತಿ ಮುಚ್ಚಿದಲ್ಲಿಂದ ಸಾಮಾನ್ಯವಾಗಿ ಎರಡರಿಂದ ಮೂರು ಸುತ್ತು ತೆರೆಯುತ್ತಾರೆ. ಎಂಜಿನ್ ಜೊತೆ ಬಂದ ಪುಸ್ತಿಕೆ ಇದ್ದರೆ ಅದರ ಮಾತೇ ಅಂತಿಮ.

ಬ್ಯಾಟರಿ ಹಿಡಿಯುವ ಮುನ್ನ ಪ್ರೊಪೆಲ್ಲರನ್ನು ಕೈಯಿಂದ ನಿಧಾನವಾಗಿ ಎರಡು ಸುತ್ತು ತಿರುಗಿಸಿ ನೋಡಿ. ಒಂದೆಡೆ ಗಟ್ಟಿಯಾಗಿ ನಿಂತರೆ ಸಿಲಿಂಡರಿನಲ್ಲಿ ಇಂಧನ ತುಂಬಿದೆ ಎಂದರ್ಥ. ದ್ರವವನ್ನು ಒತ್ತಿ ಕುಗ್ಗಿಸಲಾಗದು. ಆಗ ಸ್ಟಾರ್ಟರ್ ಹಿಡಿದು ಬಲವಂತ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ಬಿಚ್ಚಿ, ಎಂಜಿನ್ ತಲೆಕೆಳಗೆ ಮಾಡಿ ಇಂಧನ ಚೆಲ್ಲಿ, ಮತ್ತೆ ಹಾಕಿ.

ಶುರು ಮಾಡಲು ಬೆರಳು ಬಳಸಬೇಡಿ. ರಬ್ಬರ್ ಸುತ್ತಿದ ಕೋಲು ಇಲ್ಲವೇ ಎಲೆಕ್ಟ್ರಿಕ್ ಸ್ಟಾರ್ಟರ್ ಇರಲಿ. ಫೋರ್ ಸ್ಟ್ರೋಕ್ ಹಿಮ್ಮುಖವಾಗಿ ಒದೆಯುವುದು ಹೆಚ್ಚು. ಆ ಒದೆತಕ್ಕೆ ಪ್ರೊಪೆಲ್ಲರ್ ನಟ್ಟು ಸಡಿಲಿ ಪ್ರೊಪೆಲ್ಲರೇ ಹಾರಿಹೋಗಬಹುದು. ಅದಕ್ಕೇ ಎರಡನೆಯ ಲಾಕ್ ನಟ್ಟು ಕೊಟ್ಟಿರುತ್ತಾರೆ. ಅದನ್ನು ಬಿಟ್ಟು ಓಡಿಸಬಾರದು. ಪ್ರೊಪೆಲ್ಲರ್ ತಿರುಗುವ ನೇರಕ್ಕೆ ಯಾರೂ ನಿಲ್ಲಬಾರದು. ಎಂಜಿನ್ ಹಿಡಿದ ಮೇಲೆ ಎಲ್ಲ ಹೊಂದಾಣಿಕೆಯನ್ನೂ ಹಿಂದಿನಿಂದಲೇ ಮಾಡಬೇಕು. ಹೆಗಲ ಮೇಲಿನ ಟವೆಲ್, ಸಡಿಲ ತೋಳಿನ ಅಂಗಿ ಮನೆಯಲ್ಲೇ ಇರಲಿ.

ಸೂಜಿ ಹೊಂದಿಸುವ ಹದ

ಎಂಜಿನ್ ಕಾದ ಮೇಲೆ ಪೂರ್ತಿ ಥ್ರಾಟಲ್ ಕೊಟ್ಟು ಮುಖ್ಯ ಸೂಜಿಯನ್ನು ನಿಧಾನವಾಗಿ ಒಳಕ್ಕೆ ತಿರುಗಿಸಿ. ವೇಗ ಏರುತ್ತಾ ಹೋಗಿ ಒಂದು ಹಂತದಲ್ಲಿ ನಿಲ್ಲುತ್ತದೆ. ಅಲ್ಲಿಯೇ ಬಿಡಬಾರದು. ನಿಮಿಷಕ್ಕೆ 200–300 ಸುತ್ತು ಇಳಿಯುವಷ್ಟು ಸೂಜಿಯನ್ನು ಹೊರಕ್ಕೆ ತೆಗೆಯಬೇಕು. ಆಮೇಲೆ ವಿಮಾನದ ಮೂತಿಯನ್ನು ಆಕಾಶಕ್ಕೆ ಎತ್ತಿ ಕೆಲವು ಸೆಕೆಂಡ್ ಹಿಡಿದು ನೋಡಿ. ಸದ್ದು ಕುಸಿದರೆ ಇಂಧನ ಸಾಲುತ್ತಿಲ್ಲ, ಸೂಜಿಯನ್ನು ಇನ್ನಷ್ಟು ತೆರೆಯಿರಿ.

ಇಂಧನ ಕಡಿಮೆಯಾದರೆ ಎಣ್ಣೆಯೂ ಕಡಿಮೆ, ಶಾಖ ಹೆಚ್ಚು. ಆಗ ಇಂಧನ ಹೊತ್ತಿಗೆ ಮೊದಲೇ ಸಿಡಿದು ಕಟಕಟ ಸದ್ದು ಬರುತ್ತದೆ. ಪ್ರೊಪೆಲ್ಲರ್ ಕಳಚುವುದೂ ಆಗಲೇ. ಸದ್ದು ಕೇಳಿದ ಕೂಡಲೇ ಥ್ರಾಟಲ್ ಇಳಿಸಿ.

ಸ್ಲೋ ಸೂಜಿಗೆ ಸುಲಭ ಪರೀಕ್ಷೆ ಇದೆ. ಸ್ಲೋನಲ್ಲಿ ಓಡುವಾಗ ಇಂಧನದ ಟ್ಯೂಬನ್ನು ಚಿವುಟಿ ಹಿಡಿಯಿರಿ. ಒಂದೆರಡು ಸೆಕೆಂಡಿನಲ್ಲಿ ವೇಗ ಏರಿ ಆಮೇಲೆ ನಿಂತರೆ ಇಂಧನ ಹೆಚ್ಚಾಗಿದೆ. ಚಿವುಟಿದ ತಕ್ಷಣ ಸತ್ತರೆ ಕಡಿಮೆಯಾಗಿದೆ.

ಟ್ಯಾಪೆಟ್ ಲೆಕ್ಕ

ಎಂಜಿನ್ ಪಳಗಿದ ಮೇಲೆ ಒಮ್ಮೆ, ಆನಂತರ ಕೆಲವು ಗಂಟೆ ಓಡಿದಾಗೊಮ್ಮೆ ಟ್ಯಾಪೆಟ್ ನೋಡಬೇಕು. ಎಂಜಿನ್ ಪೂರ್ತಿ ತಣ್ಣಗಿರಬೇಕು. ಪಿಸ್ಟನ್ ಮೇಲಿದ್ದು ಎರಡೂ ವಾಲ್ವ್ ಮುಚ್ಚಿರುವ ಸ್ಥಿತಿಗೆ ತಂದು ರಾಕರ್ ಮುಚ್ಚಳ ಬಿಚ್ಚಿ. ಓ.ಎಸ್. ಎಂಜಿನ್‌ಗಳಿಗೆ ಅಂತರ 0.04ರಿಂದ 0.10 ಮಿಲಿಮೀಟರ್. 0.04ರ ಫೀಲರ್ ಗೇಜ್ ಸಲೀಸಾಗಿ ಹೋಗಬೇಕು, 0.10ರದ್ದು ಹೋಗಬಾರದು. ಅಂತರ ಹೆಚ್ಚಾದರೆ ಟಕಟಕ ಸದ್ದು, ವಾಲ್ವ್ ಪೂರ್ತಿ ತೆರೆಯದೆ ಶಕ್ತಿ ಇಳಿಯುತ್ತದೆ. ಅಂತರವೇ ಇಲ್ಲದಿದ್ದರೆ ವಾಲ್ವ್ ಮುಚ್ಚದೆ ಕಂಪ್ರೆಷನ್ ಸೋರಿ, ವಾಲ್ವ್ ಸುಡುತ್ತದೆ.

ಹಾರಾಟ ಮುಗಿದ ಮೇಲೆ

ಈ ಎಂಜಿನ್‌ಗಳು ಓಡಿ ಸವೆಯುವುದಕ್ಕಿಂತ ಕಪಾಟಿನಲ್ಲಿ ಕುಳಿತು ಕೆಡುವುದೇ ಹೆಚ್ಚು. ಮೆಥನಾಲ್ ಉರಿದಾಗ ನೀರಿನಾವಿಯೂ ಆಮ್ಲದ ಅಂಶವೂ ಹುಟ್ಟುತ್ತವೆ. ಅವು ಕ್ರ್ಯಾಂಕ್‌ಕೇಸಿಗೆ ಇಳಿದು ಉಕ್ಕಿನ ಬೇರಿಂಗ್‌ಗೆ ತುಕ್ಕು ಹಿಡಿಸುತ್ತವೆ. ಹಾಗಾಗಿ ದಿನದ ಕೊನೆಗೆ ಇಂಧನದ ಟ್ಯೂಬ್ ಕಳಚಿ, ಸ್ಲೋನಲ್ಲಿ ತಾನಾಗಿ ನಿಲ್ಲುವವರೆಗೆ ಓಡಿಸಿ. ಟ್ಯಾಂಕ್ ಖಾಲಿ ಮಾಡಿ. ಎಂಜಿನ್ ತಣಿದ ಮೇಲೆ ಕಾರ್ಬೊರೇಟರಿಗೂ ಬ್ರೀದರಿಗೂ ತೆಳುವಾದ ರಕ್ಷಕ ಎಣ್ಣೆಯ ಕೆಲವು ಹನಿ ಬಿಟ್ಟು ಪ್ರೊಪೆಲ್ಲರ್ ತಿರುಗಿಸಿ. ಎರಡು ನಿಮಿಷದ ಕೆಲಸ ಬೇರಿಂಗ್ ಖರ್ಚು ಉಳಿಸುತ್ತದೆ. ಪ್ಲಗ್ ಬಿಚ್ಚಿ ತಿರುಗಿಸಿದಾಗ ಗರಗರ ಎಂದರೆ ತುಕ್ಕು ಆಗಲೇ ಒಳಹೊಕ್ಕಿದೆ, ಬೇರಿಂಗ್ ಬದಲಿಸದೆ ಓಡಿಸಬೇಡಿ.

ವರ್ಷಗಟ್ಟಲೆ ಇಟ್ಟ ಎಂಜಿನ್ ತಿರುಗದಿದ್ದರೆ ಕೆಟ್ಟಿದೆ ಎಂದು ಗುಜರಿಗೆ ಹಾಕಬೇಡಿ, ಇಕ್ಕಳ ಹಿಡಿದು ತಿರುಚಲೂ ಬೇಡಿ. ಬಹುಪಾಲು ಅದು ಒಣಗಿದ ಹರಳೆಣ್ಣೆಯ ಅಂಟು. ಕೂದಲು ಒಣಗಿಸುವ ಡ್ರೈಯರಿನ ಬಿಸಿಗಾಳಿ ಹಿಡಿದರೆ ಅಂಟು ಮೆತ್ತಗಾಗುತ್ತದೆ. ಆಗ ಪ್ರೊಪೆಲ್ಲರನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲ್ಲಾಡಿಸಿ. ಬಿಸಿ ಮಾಡುವಾಗ ಹತ್ತಿರದಲ್ಲಿ ಇಂಧನದ ಡಬ್ಬಿ ಇರಕೂಡದು.

ಹಾರಿಸುವ ಜಾಗದ ಬಗ್ಗೆಯೂ ಒಂದು ಮಾತು. 2021ರ ಡ್ರೋನ್ ನಿಯಮಗಳು ಶಿಕ್ಷಣ, ಸಂಶೋಧನೆ, ಹವ್ಯಾಸಕ್ಕೆ ಬಳಸುವ, 25 ಕಿಲೋ ಮೀರದ, ಕಣ್ಣಳತೆಯಲ್ಲೇ ಹಾರಿಸುವ ಮಾದರಿ ವಿಮಾನಗಳನ್ನು ಪ್ರತ್ಯೇಕ ವರ್ಗವಾಗಿ ಗುರುತಿಸಿವೆ. ಆದರೆ ಕೆಂಪು, ಹಳದಿ, ಹಸಿರು ವಾಯುವಲಯಗಳ ನಿಯಮ ಇವಕ್ಕೂ ಉಂಟು. ನಕ್ಷೆ ನೋಡಿಯೇ ಹೊಲಕ್ಕೆ ಇಳಿಯಿರಿ. ಊರ ಬುಲೆಟ್ ಮೆಕ್ಯಾನಿಕ್ಕನ್ನೂ ಜೊತೆಗೆ ಕರೆದೊಯ್ದರೆ ಒಳ್ಳೆಯದು. ಟ್ಯಾಪೆಟ್ ಹಿಡಿದು ನುರಿತ ಕೈಗೆ ಇದು ಅಪರಿಚಿತ ಯಂತ್ರವಲ್ಲ, ಗಾತ್ರ ಮಾತ್ರ ಚಿಕ್ಕದು.